ಶಾಲೆಯ ಎಲ್ಲೆ, ಪಾಲಕರ ಮನಸ್ಸು



ಯಾವ ಮಗು ಯಾವ ಶಾಲೆಗೆ ಹೋಗಬೇಕೆಂಬುದನ್ನು ನಿರ್ಧರಿಸುವವರು ಯಾರು? ಕಾಯದೆಯನ್ನು ಕೇಳಿದರೆ ಸರಕಾರ ಎನ್ನುತ್ತದೆ. ಪಾಲಕರನ್ನು ಕೇಳಿದರೆ ತಾವೇ ಎನ್ನುತ್ತಾರೆ. ಸಾಮಾನ್ಯವಾಗಿ ಈ ಎರಡು ಉತ್ತರಗಳಿಗೆ ಜಗಳ ಬರುವುದಿಲ್ಲ. ಆದರೆ ಸರಕಾರವು ಶಾಲೆಯ ವ್ಯಾಪ್ತಿಯ ಗೆರೆಯನ್ನು ಅಳಿಸಿ ಬೇರೆ ಗೆರೆಯನ್ನೆಳೆದು, ಈವರೆಗೆ ಬೇರೆ ಬೇರೆಯಾಗಿ ಕಲಿಯುತ್ತಿದ್ದ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂಡಿಸಲು ಹೊರಟಿತೆನ್ನಿ; ಆಗ ಜಗಳ ಹುಟ್ಟುತ್ತದೆ. ಅಂಥ ಸಂದರ್ಭಗಳಲ್ಲಿ ತಂದೆತಾಯಂದಿರು ಏನು ಹೇಳುತ್ತ ಬಂದಿದ್ದಾರೆ, ಅದರಲ್ಲಿ ನಿಜವಾದ ಸಂಕಟವೆಷ್ಟು, ನೆಪವೆಷ್ಟು ಎಂಬುದನ್ನು ಇಂದು ನಿಮ್ಮೊಡನೆ ವಿಚಾರಿಸಬೇಕೆಂದಿದ್ದೇನೆ.

ನಾನು ಮೂರು ದಶಕಗಳ ಕಾಲ ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಭಾಗದಲ್ಲಿ ಕನ್ನಡ ಪಾಠ ಹೇಳಿದವನು. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಈ ನಾಲ್ಕು ತಾಲೂಕುಗಳು ನನಗೆ ಪರಿಚಿತವಾದ ನೆಲ. ಇಲ್ಲಿಯಷ್ಟು ಬಗೆಬಗೆಯ ಜನ ಒಂದೆಡೆ ನೆರೆದಿರುವ ಪ್ರದೇಶ ಕರ್ನಾಟಕದಲ್ಲಿ ವಿರಳ. ಹಳಿಯಾಳದ ಸುತ್ತ ಮರಾಠಿ ಮಾತಿನ ರೈತರು. ಅಡವಿಯ ಅಂಚಿನಲ್ಲಿ ಎಮ್ಮೆ ಸಾಕುವ ಗೌಳಿಗರು. ಜೋಯಿಡಾದ ಕಣಿವೆಗಳಲ್ಲಿ ಕೊಂಕಣಿ ನುಡಿಯುವ ಕುಣಬಿಗಳು. ಮುಂಡಗೋಡದಲ್ಲಿ ಲಂಬಾಣಿಗರು, ಮತ್ತು 1966ರಿಂದ ನೆಲೆನಿಂತ ಟಿಬೇಟಿಯನ್ನರು. ಕಳೆದ ಶತಮಾನದ ಐವತ್ತರ ದಶಕದಲ್ಲಿ ಕಾಗದದ ಕಾರಖಾನೆ ಬಂದ ಮೇಲೆ ದಾಂಡೇಲಿಗೆ ದೇಶದ ನಾನಾ ಕಡೆಯ ಕಾರ್ಮಿಕರು ಬಂದು ಸೇರಿದರು. ಇವರೆಲ್ಲರ ನಡುವೆ, ಚದುರಿದ ಚಿಕ್ಕ ಚಿಕ್ಕ ಕೇರಿಗಳಲ್ಲಿ, ಸಿದ್ದಿಗಳು. ಪೋರ್ತುಗೀಜರ ಕಾಲದಲ್ಲಿ ಆಫ್ರಿಕಾ ಖಂಡದಿಂದ ಗೋವೆಗೆ ಗುಲಾಮರಾಗಿ ತರಲ್ಪಟ್ಟು, ಬಿಡುಗಡೆ ಹೊಂದಿಯೋ ತಪ್ಪಿಸಿಕೊಂಡೋ ಈ ಕಾಡನ್ನು ಆಶ್ರಯಿಸಿದವರ ಸಂತತಿ ಅವರಲ್ಲಿ ಬಹುಪಾಲು. ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಅವರಲ್ಲೊಬ್ಬರಾದ ಶಾಂತಾರಾಮ ಸಿದ್ದಿಯವರು 2020ರಲ್ಲಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡಾಗ ಆ ಸಮುದಾಯದಿಂದ ಶಾಸನಸಭೆಯನ್ನು ಪ್ರವೇಶಿಸಿದ ಮೊದಲಿಗರಾದರು.

ಇಷ್ಟೆಲ್ಲ ಜನರಿದ್ದೂ ನನ್ನ ತರಗತಿಯ ಹಾಜರಿ ಪುಸ್ತಕದಲ್ಲಿ ಸಿದ್ದಿ ಹೆಸರುಗಳನ್ನು ಬೆರಳುಗಳ ಮೇಲೆ ಎಣಿಸಬಹುದಾಗಿತ್ತು. ಗೌಳಿಗರ ಹೆಸರು ಅದಕ್ಕಿಂತ ಹೆಚ್ಚೇನಿಲ್ಲ. ಮಕ್ಕಳು ಮಹಾವಿದ್ಯಾಲಯಕ್ಕೆ ಬರುವಷ್ಟರಲ್ಲಿ ಯಾವುದೋ ಜರಡಿ ಅವರನ್ನು ಸೋಸಿಬಿಟ್ಟಿರುತ್ತಿತ್ತು. ಆ ಜರಡಿ ಇರುವುದು ಒಂದನೆಯ ಇಯತ್ತೆಯಲ್ಲಿ, ಮಗು ಯಾವ ಶಾಲೆಯಲ್ಲಿ, ಯಾರ ಪಕ್ಕದಲ್ಲಿ ಕೂಡುತ್ತದೆ ಎಂಬುದರಲ್ಲಿ.

ಈ ಪ್ರಶ್ನೆ ನಮ್ಮಲ್ಲಿ ಹೊಸದೇನೂ ಅಲ್ಲ. ಹಳಿಯಾಳದಿಂದ ಒಂದು ತಾಸಿನ ದಾರಿಯಲ್ಲಿರುವ ಧಾರವಾಡದಲ್ಲಿ, 1856ರ ಜೂನ್ ತಿಂಗಳಲ್ಲಿ, ಮಹಾರ ಜಾತಿಯ ಒಬ್ಬ ಹುಡುಗ ಮುಂಬಯಿ ಸರಕಾರಕ್ಕೆ ಅರ್ಜಿ ಬರೆದ. ತಾನು ಶುಲ್ಕ ಕೊಡಲು ಸಿದ್ಧನಿದ್ದರೂ ಸರಕಾರಿ ಶಾಲೆಯಲ್ಲಿ ತನ್ನನ್ನು ಸೇರಿಸಿಕೊಳ್ಳುತ್ತಿಲ್ಲವೆಂಬುದು ಅವನ ದೂರು. ಸರಕಾರ ಕೊಟ್ಟ ಉತ್ತರದ ಸಾರಾಂಶವಿಷ್ಟು: ನ್ಯಾಯ ಈ ಹುಡುಗನ ಕಡೆಗಿದೆ, ನಿಜ, ಆದರೆ ಮುಂದೆ ಬಂದವನು ಇವನೊಬ್ಬನೇ, ಇವನನ್ನು ಬಲವಂತವಾಗಿ ಒಳಗೆ ಕೂಡಿಸಿದರೆ ಉಳಿದವರಿಗೆಲ್ಲ ಶಾಲೆ ನಿರುಪಯೋಗಿಯಾದೀತು. ಕಲಕತ್ತೆಯಲ್ಲಿದ್ದ ಕೇಂದ್ರ ಸರಕಾರ 1857ರ ಆರಂಭದಲ್ಲಿ ಇದಕ್ಕೆ ಅಸಮ್ಮತಿ ಸೂಚಿಸಿತು. ಸರಕಾರದ ಹಣದಿಂದ ನಡೆಯುವ ಶಾಲೆ ಎಲ್ಲ ಜಾತಿಯವರಿಗೂ ತೆರೆದಿರಬೇಕೆಂಬ ತತ್ತ್ವವನ್ನು 1858ರಲ್ಲಿ ಲಂಡನ್ನಿನ ಕಂಪನಿಯ ನಿರ್ದೇಶಕ ಮಂಡಲಿಯೂ ಒಪ್ಪಿತು. 1882ರ ಹಂಟರ್ ಆಯೋಗ ಅದೇ ತತ್ತ್ವವನ್ನು ಮತ್ತೊಮ್ಮೆ ಸಾರಿತು. ಜೊತೆಗೆ, ಜನರ ಮನಸ್ಸು ನೋಯದ ಹಾಗೆ ಜಾಗ್ರತೆಯಿಂದ ನಡೆಯಿರಿ, ಬೇಕಾದಲ್ಲಿ ಪ್ರತ್ಯೇಕ ಶಾಲೆಗಳನ್ನು ತೆರೆಯಿರಿ ಎಂದೂ ಹೇಳಿತು. ಡಾಕ್ಟರ್ ಅಂಬೇಡ್ಕರರು 1928ರಲ್ಲಿ ಸೈಮನ್ ಆಯೋಗದ ಮುಂದೆ ದಲಿತರ ಶಿಕ್ಷಣದ ಸ್ಥಿತಿಯನ್ನು ನಿರೂಪಿಸುವಾಗ ಈ ಧಾರವಾಡದ ಪ್ರಕರಣವನ್ನು ಎತ್ತಿ ಹೇಳಿದರು.

ಈ ಪ್ರಕರಣದಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಇಲ್ಲಿ ಪಾಲಕರ ಮಾತನ್ನು ಆಡಿದ್ದು ಸರಕಾರ. ಅವರು ಮಕ್ಕಳನ್ನು ಬಿಡಿಸಿಕೊಂಡು ಹೋದಾರೆಂಬ ಊಹೆಯೇ ನಿರ್ಣಯವಾಯಿತು. ಒಂದು ಗುಂಪಿನ ತಂದೆತಾಯಿಗಳಿಗೆ ಬಿಟ್ಟುಹೋಗುವ ಶಕ್ತಿ ಇದೆ, ಇನ್ನೊಂದು ಗುಂಪಿಗೆ ಬೇಡುವುದಷ್ಟೇ ಗೊತ್ತು. ಅಂಥಲ್ಲಿ ಬಿಟ್ಟುಹೋಗಬಲ್ಲವರ ಮೌನಕ್ಕೂ ಬೇಡುವವರ ಕೂಗಿಗಿಂತ ಹೆಚ್ಚು ಬೆಲೆ. ಶಾಲೆಯ ಎಲ್ಲೆಯನ್ನು ಕುರಿತ ಎಲ್ಲ ವಾದಗಳ ಬುಡದಲ್ಲೂ ಈ ಅಸಮತೆಯನ್ನು ನಾನು ಕಂಡಿದ್ದೇನೆ.

ಈಗ ನೂರು ವರ್ಷ ಮುಂದಕ್ಕೆ, ಕಡಲಾಚೆಯ ಅಮೇರಿಕಕ್ಕೆ ಹೋಗೋಣ. ಶಾಲೆಯ ಗೆರೆಯ ಮೇಲೆ ಅಲ್ಲಿ ನಡೆದಷ್ಟು ಕಾದಾಟ ಬೇರೆಲ್ಲೂ ನಡೆದಿರಲಾರದು. ಕಾನ್ಸಾಸ್ ರಾಜ್ಯದ ಟೊಪೀಕಾ ಎಂಬ ಊರಿನಲ್ಲಿ ಲಿಂಡಾ ಬ್ರೌನ್ ಎಂಬ ಕರಿಯ ಹುಡುಗಿಯಿದ್ದಳು. ಮನೆಯಿಂದ ಏಳು ಬೀದಿಗಳಾಚೆ ಒಂದು ಶಾಲೆ. ಓಣಿಯಲ್ಲಿ ಅವಳೊಡನೆ ಆಡುವ ಬಿಳಿಯ ಮಕ್ಕಳೆಲ್ಲ ಅದಕ್ಕೆ ಹೋಗುತ್ತಿದ್ದರು. ಅವಳಿಗೆ ಮಾತ್ರ ಅಲ್ಲಿ ಪ್ರವೇಶವಿಲ್ಲ. ರೈಲು ಹಳಿಗಳ ಪ್ರಾಂಗಣವನ್ನು ದಾಟಿ, ಬಸ್ಸು ಹಿಡಿದು, ದೂರದ ಕರಿಯರ ಶಾಲೆಗೆ ಹೋಗಬೇಕು. ಅವಳ ತಂದೆ ಆಲಿವರ್ ಬ್ರೌನ್ ಮತ್ತು ಇತರ ಪಾಲಕರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಪ್ರತ್ಯೇಕ ಶಾಲೆಗಳು ಎಂದಿಗೂ ಸಮಾನವಾಗಲಾರವೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ 1954ರ ಮೇ 17ರಂದು ಒಮ್ಮತದಿಂದ ತೀರ್ಪಿತ್ತಿತು. ಹತ್ತಿರದ ಶಾಲೆಯನ್ನು ಬಿಟ್ಟು ನನ್ನ ಮಗು ಏಕೆ ದೂರ ಹೋಗಬೇಕು ಎಂಬ ಪ್ರಶ್ನೆಯನ್ನು ಅಲ್ಲಿ ಎತ್ತಿದವನು ಒಬ್ಬ ಕರಿಯ ತಂದೆ ಎಂಬುದು ನೆನಪಿನಲ್ಲಿರಲಿ.

ತೀರ್ಪು ಬಂದಷ್ಟು ಬೇಗ ಮನಸ್ಸು ಬದಲಾಗಲಿಲ್ಲ. 1960ರ ನವೆಂಬರದಲ್ಲಿ ನ್ಯೂ ಆರ್ಲಿಯನ್ಸ್ ನಗರದಲ್ಲಿ ರೂಬಿ ಬ್ರಿಜಸ್ ಎಂಬ ಆರು ವರ್ಷದ ಕರಿಯ ಹುಡುಗಿ ಕಾವಲಿನವರೊಡನೆ ಬಿಳಿಯರ ಶಾಲೆಯನ್ನು ಪ್ರವೇಶಿಸಿದಳು. ಬಿಳಿಯ ಪಾಲಕರು ಒಬ್ಬೊಬ್ಬರಾಗಿ ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋದರು. ಬಾರ್ಬರಾ ಹೆನ್ರಿ ಎಂಬ ಶಿಕ್ಷಕಿ ಆ ವರ್ಷವೆಲ್ಲ ಖಾಲಿ ಕೋಣೆಯಲ್ಲಿ ಆ ಒಂದೇ ಮಗುವಿಗೆ ಪಾಠ ಹೇಳಿದರು. ಧಾರವಾಡದಲ್ಲಿ ಸರಕಾರ ಊಹಿಸಿ ಹೆದರಿದ್ದು ಅಲ್ಲಿ ನಿಜವಾಗಿಯೇ ನಡೆಯಿತು. ಆದರೂ ಶಾಲೆ ಮುಳುಗಲಿಲ್ಲ. ಬಿಟ್ಟುಹೋದವರಲ್ಲಿ ಹಲವರು ನಿಧಾನವಾಗಿ ಹಿಂದಿರುಗಿದರು.

ಓಣಿಗಳೇ ಬಣ್ಣದ ಮೇಲೆ ಬೇರ್ಪಟ್ಟಿರುವಾಗ ಹತ್ತಿರದ ಶಾಲೆಯೆಂಬ ನಿಯಮದಿಂದ ಪ್ರಯೋಜನವಾಗದೆಂದು ಆಮೇಲೆ ತಿಳಿಯಿತು. ಆಗ ನ್ಯಾಯಾಲಯಗಳು ಶಾಲಾ ವಲಯಗಳನ್ನು ಹೊಸದಾಗಿ ಗುರುತಿಸಿ, ಮಕ್ಕಳನ್ನು ಬಸ್ಸಿನಲ್ಲಿ ಆಚೀಚೆ ಕಳಿಸುವಂತೆ ಆಜ್ಞೆ ಮಾಡಿದವು. 1971ರಲ್ಲಿ ಶಾರ್ಲಟ್ ನಗರದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಇದಕ್ಕೆ ಒಪ್ಪಿಗೆ ಕೊಟ್ಟಿತು. 1974ರ ಜೂನ್ 21ರಂದು ನ್ಯಾಯಾಧೀಶ ಗ್ಯಾರಿಟಿಯವರು ಬೋಸ್ಟನ್ ನಗರಕ್ಕೆ ಅಂಥದೇ ಆಜ್ಞೆ ಹೊರಡಿಸಿದಾಗ ಕರಿಯ ಮಕ್ಕಳು ಕುಳಿತ ಬಸ್ಸುಗಳ ಮೇಲೆ ಕಲ್ಲುಗಳು ಬಿದ್ದವು. ಬಿಳಿಯ ತಾಯಂದಿರು ಬೀದಿಗಿಳಿದು ಹೇಳಿದ ಮಾತೇನು? 'ನಮ್ಮ ಓಣಿಯ ಶಾಲೆ ನಮಗಿರಲಿ. ನಮ್ಮ ಮಕ್ಕಳನ್ನು ದೂರ ಕಳಿಸಲಾರೆವು.' ಇಪ್ಪತ್ತು ವರ್ಷಗಳ ಹಿಂದೆ ಆಲಿವರ್ ಬ್ರೌನ್ ಆಡಿದ ಮಾತೇ ಇದು! ಮಾತು ಒಂದೇ, ಅಲ್ಲಿ ಅದು ಬಾಗಿಲು ತೆರೆಯಲಿಕ್ಕೆ, ಇಲ್ಲಿ ಬಾಗಿಲು ಮುಚ್ಚಲಿಕ್ಕೆ.

ಬೋಸ್ಟನ್ನಿನ ಬಿಳಿಯ ಪಾಲಕರೆಲ್ಲರೂ ದುಷ್ಟರೆಂದು ತಿಳಿಯುವುದು ಸರಿಯಲ್ಲ. ಅವರಲ್ಲಿ ಬಹಳಷ್ಟು ಜನ ಬಡ ಕೂಲಿಕಾರರು. ಊರ ಹೊರಗಿನ ಬಡಾವಣೆಗಳಲ್ಲಿದ್ದ ಶ್ರೀಮಂತರ ಮಕ್ಕಳನ್ನು ಯಾವ ಬಸ್ಸೂ ಮುಟ್ಟಲಿಲ್ಲ. 1974ರಲ್ಲಿಯೇ ಡೆಟ್ರಾಯಿಟ್ ನಗರದ ಮೊಕದ್ದಮೆಯಲ್ಲಿ, ಹೊರ ಬಡಾವಣೆಗಳ ಶಾಲೆಗಳನ್ನು ಇಂಥ ಯೋಜನೆಗೆ ಎಳೆಯುವಂತಿಲ್ಲವೆಂದು ನ್ಯಾಯಾಲಯ ಒಂದೇ ಮತದ ಅಂತರದಿಂದ ಹೇಳಿಬಿಟ್ಟಿತು. ಹಣವಿದ್ದವರು ಗೆರೆ ದಾಟಿ ಹೊರಗೆ ಹೋದರು. ಬಡ ಬಿಳಿಯರೂ ಬಡ ಕರಿಯರೂ ಒಳಗೆ ಉಳಿದು ಒಬ್ಬರನ್ನೊಬ್ಬರು ಶಪಿಸಿದರು. ಶಾರ್ಲಟ್ಟಿನಲ್ಲಿ ಬೇರೆ ರೀತಿಯಾಯಿತು. ನಾಗರಿಕರ ಸಮಿತಿಯೊಂದು ಕುಳಿತು, ಅನುಕೂಲಸ್ಥರ ಬಡಾವಣೆಯ ಮಕ್ಕಳೂ ದೂರ ಪ್ರಯಾಣದ ತಮ್ಮ ಪಾಲನ್ನು ಹೊರುವ ಹಾಗೆ ವಲಯಗಳನ್ನು ಹಂಚಿದ ಮೇಲೆ ಗಲಾಟೆ ತಣ್ಣಗಾಯಿತು. ಭಾರ ಎಲ್ಲರಿಗೂ ಸಮನಾಗಿದೆಯೆಂದು ಕಂಡರೆ ಪಾಲಕರು ಬಹಳಷ್ಟನ್ನು ಸಹಿಸಿಕೊಳ್ಳುತ್ತಾರೆ.

ಇನ್ನು ನಮ್ಮ ಕಡೆಗೆ ಬರೋಣ. ನಮ್ಮ ಸಂವಿಧಾನ ಅಸ್ಪೃಶ್ಯತೆಯನ್ನು ನಿಷೇಧಿಸಿದೆ. ಯಾವ ನಕಾಶೆಯಲ್ಲಿಯೂ ಇದು ಸಿದ್ದಿಗಳ ವಲಯ, ಇದು ಮಿಕ್ಕವರ ವಲಯ ಎಂಬ ಗೆರೆಯಿಲ್ಲ. ಆದರೂ ಗೆರೆಗಳಿವೆ. ಒಂದನ್ನು ಎಳೆದದ್ದು ಅಡವಿ, ಇನ್ನೊಂದನ್ನು ಎಳೆದದ್ದು ಶುಲ್ಕ, ಮೂರನೆಯದನ್ನು ಎಳೆದದ್ದು ಕಲಿಕೆಯ ಮಾಧ್ಯಮ. ತಾಲೂಕು ಊರಿನ ಹೊರಬದಿಗೆ ಬೆಳಿಗ್ಗೆ ಎಂಟೂವರೆಗೆ ನಿಂತು ನೋಡಿದರೆ ಸಾಕು. ಕೊರಳಿಗೆ ಟೈ ಕಟ್ಟಿದ ಮಕ್ಕಳನ್ನು ತುಂಬಿಕೊಂಡ ಶಾಲಾ ವಾಹನ ಸರಕಾರಿ ಕನ್ನಡ ಶಾಲೆಯ ಎದುರಿಗೇ ಹಾದುಹೋಗುತ್ತದೆ. ಅದೇ ರಸ್ತೆಯ ಬದಿಯಲ್ಲಿ ಗೌಳಿವಾಡದ, ಸಿದ್ದಿ ಕೇರಿಯ ಮಕ್ಕಳು ನಡೆದು ಬರುತ್ತಿರುತ್ತಾರೆ.

ಈ ಕೇಡನ್ನು ಹಿರಿಯರು ಮೊದಲೇ ಕಂಡಿದ್ದರು. ಕೊಠಾರಿ ಆಯೋಗ 1966ರಲ್ಲಿ ಸಲ್ಲಿಸಿದ ವರದಿಯಲ್ಲಿ, ಒಂದು ಊರಿನ ಅಥವಾ ನೆರೆಹೊರೆಯ ಎಲ್ಲ ಮಕ್ಕಳೂ ಜಾತಿ, ಮತ, ಅಂತಸ್ತುಗಳ ಭೇದವಿಲ್ಲದೆ ಒಂದೇ ಶಾಲೆಯಲ್ಲಿ ಕಲಿಯಬೇಕೆಂದು ಸಲಹೆ ಮಾಡಿತ್ತು. ಬಡವರಿಗೆ ಉಪಕಾರವಾಗಲೆಂದು ಮಾತ್ರ ಅದು ಹೀಗೆ ಹೇಳಲಿಲ್ಲ. ಜನಸಾಮಾನ್ಯರ ಮಕ್ಕಳೊಡನೆ ಬೆರೆಯದ ಶ್ರೀಮಂತರ ಮಗುವಿನ ಶಿಕ್ಷಣವೂ ಅಪೂರ್ಣ ಎಂಬುದು ಅದರ ಅಭಿಪ್ರಾಯವಾಗಿತ್ತು. ಆ ಸಲಹೆ ಕಾಗದದಲ್ಲಿ ಉಳಿಯಿತು. ಬಹುಕಾಲದ ಮೇಲೆ, 2009ರ ಶಿಕ್ಷಣ ಹಕ್ಕು ಕಾಯದೆ ಅದರ ಒಂದು ತುಣುಕನ್ನು ಎತ್ತಿಕೊಂಡಿತು: ಖಾಸಗಿ ಶಾಲೆಗಳು ಒಂದನೆಯ ತರಗತಿಯಲ್ಲಿ ನೂರಕ್ಕೆ 25 ಸ್ಥಳಗಳನ್ನು ನೆರೆಹೊರೆಯ ದುರ್ಬಲ ವರ್ಗದ ಮಕ್ಕಳಿಗೆ ಮೀಸಲಿಡಬೇಕು. 2012ರ ಏಪ್ರಿಲ್ 12ರಂದು ಸರ್ವೋಚ್ಚ ನ್ಯಾಯಾಲಯ, ಅನುದಾನವಿಲ್ಲದ ಅಲ್ಪಸಂಖ್ಯಾತ ಸಂಸ್ಥೆಗಳನ್ನು ಹೊರತುಪಡಿಸಿ, ಇದನ್ನು ಎತ್ತಿಹಿಡಿಯಿತು. ಅದೇ ವರ್ಷ ಕರ್ನಾಟಕದಲ್ಲಿ ಇದು ಜಾರಿಗೆ ಬಂದಾಗ ಖಾಸಗಿ ಶಾಲೆಗಳ ಸಂಘಟನೆಯೊಂದು ಜುಲೈಯಲ್ಲಿ ಶಾಲೆಗಳ ಬಾಗಿಲು ಮುಚ್ಚಿ ಪ್ರತಿಭಟಿಸಿತು.

ಆ ದಿನಗಳಲ್ಲಿ ನಾನು ಹಲವು ಪಾಲಕರೊಡನೆ ಮಾತನಾಡಿದ್ದೇನೆ. ಅವರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೂ ಇದ್ದರು. ಯಾರೂ ಕೆಟ್ಟ ಮಾತಾಡಲಿಲ್ಲ. 'ನಮಗೇನೂ ಭೇದ ಇಲ್ರೀ ಸರ್, ಆದ್ರ ಹುಡುಗನ ಅಭ್ಯಾಸ ಕೆಡಬಾರದಲ್ರೀ' ಎಂದರೊಬ್ಬರು. 'ಆ ಮಕ್ಕಳಿಗೇ ಕಷ್ಟ ಆಗ್ತದರೀ, ನಮ್ಮ ಮಕ್ಕಳ ಹುಟ್ಟಿದಹಬ್ಬ, ಪ್ರವಾಸ ಇವೆಲ್ಲ ನೋಡಿ ಅವಕ್ಕ ಬ್ಯಾಸರ ಆಗೂದಿಲ್ಲೇನ್ರಿ?' ಎಂದರು ಇನ್ನೊಬ್ಬರು. ಈ ಎರಡನೆಯ ಮಾತನ್ನು ನಾನು ಬಹಳ ಹೊತ್ತು ಯೋಚಿಸಿದೆ. ಅದರಲ್ಲಿ ಕರುಣೆಯಿದೆ, ಆದರೆ ಆ ಕರುಣೆ ಬಡ ಮಗುವನ್ನು ಬಾಗಿಲ ಹೊರಗೇ ನಿಲ್ಲಿಸಿ ಸಂತೈಸುತ್ತದೆ. ಹಬ್ಬವನ್ನು ಸರಳಗೊಳಿಸೋಣ ಎಂಬ ಯೋಚನೆ ಅದಕ್ಕೆ ಹೊಳೆಯುವುದಿಲ್ಲ.

2019ರಲ್ಲಿ ಕಥೆ ಇನ್ನೊಂದು ತಿರುವನ್ನು ಪಡೆಯಿತು. ಆ ವರ್ಷದ ಆರಂಭದಲ್ಲಿ ರಾಜ್ಯ ಸರಕಾರ ನಿಯಮವನ್ನು ತಿದ್ದಿ, ನೆರೆಹೊರೆಯಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಯಲ್ಲಿ ಆ ಮೀಸಲು ಸ್ಥಳ ಸಿಗದು ಎಂದಿತು. ಮೇ ತಿಂಗಳಲ್ಲಿ ಉಚ್ಚ ನ್ಯಾಯಾಲಯ ಅದನ್ನು ಒಪ್ಪಿತು. ಸರಕಾರದ ವಾದದಲ್ಲಿ ಹುರುಳಿತ್ತು: ಖಾಸಗಿ ಶಾಲೆಗಳಿಗೆ ಕೊಡುವ ಹಣವನ್ನು ಸರಕಾರಿ ಶಾಲೆಗೆ ಹಾಕಿದರೆ ಆ ಶಾಲೆಗಳೇ ಉದ್ಧಾರವಾಗುವವಲ್ಲ! ಆದರೆ ಬಡ ಪಾಲಕರು ಇದನ್ನು ಬೇರೆಯಾಗಿ ಕಂಡರು. ದಾಂಡೇಲಿಯ ಕಾರ್ಮಿಕರೊಬ್ಬರು ನನಗೆ ಹೇಳಿದರು: 'ಸರ್, ಸರಕಾರಿ ಸಾಲಿ ಭಾಳ ಚಲೋ ಅದ ಅಂದ್ರ, ಎಲ್ಲಾರ ಮಕ್ಕಳನ್ನೂ ಅಲ್ಲೇ ಕಳಸ್ರಿ. ನಮ್ಮ ಮಕ್ಕಳಿಗಷ್ಟ ಯಾಕ್ರಿ ಈ ಕಾನೂನು?' ಈ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಹತ್ತಿರದ ಶಾಲೆಯೆಂಬ ತತ್ತ್ವವನ್ನು ಎಲ್ಲರಿಗೂ ಅನ್ವಯಿಸಿದರೆ ಅದು ಕೊಠಾರಿಯವರ ಕನಸು. ಬಡವರಿಗೆ ಮಾತ್ರ ಅನ್ವಯಿಸಿದರೆ ಅದು ಡೆಟ್ರಾಯಿಟ್ಟಿನ ಬೇಲಿ.

ಹಾಗಾದರೆ ಒಂದೇ ಶಾಲೆಗೆ ಬಂದುಬಿಟ್ಟರೆ ಎಲ್ಲವೂ ಸರಿಹೋಯಿತೆ? ಇಲ್ಲ. ಹಳಿಯಾಳ ತಾಲೂಕಿನ ಒಂದು ಕೇರಿಯಲ್ಲಿ ಸಿದ್ದಿ ತಾಯಿಯೊಬ್ಬಳನ್ನು, ನಿನ್ನ ಮಗಳು ನಾಲ್ಕನೆಯ ಇಯತ್ತೆಗೇ ಶಾಲೆಯನ್ನೇಕೆ ಬಿಟ್ಟಳವ್ವ ಎಂದು ಕೇಳಿದೆ. ದಾರಿ ದೂರವಾಯಿತು ಎಂದಾಳೆಂದು ನನ್ನ ಎಣಿಕೆ. ಆಕೆ ಹೇಳಿದಳು: 'ನಡಿಯೂದಕ್ಕ ಏನೂ ಇಲ್ರಿ ಮಾಸ್ತರ, ದಿನಾ ನಡೀತಿದ್ಲು. ಬಾಜೂಕ ಯಾರೂ ಕೂಡ್ರೂದಿಲ್ಲಂತ್ರಿ. ಕೂದಲಾ ಜಗ್ಗಿ ನಗತಾರಂತ. ಅದಕ್ಕ ಒಲ್ಲೆ ಅಂದ್ಲು.' ಅಲ್ಲಿ ಶಾಲೆ ಒಂದೇ, ಕೋಣೆ ಒಂದೇ, ಬಿಸಿಯೂಟದ ಪಂಕ್ತಿಯೂ ಒಂದೇ. ಗೆರೆಯಿದ್ದದ್ದು ಎರಡು ಮಣೆಗಳ ನಡುವೆ. ಅದನ್ನು ಅಳಿಸುವ ಅಧಿಕಾರ ಇದ್ದದ್ದು ತರಗತಿಯ ಅಕ್ಕೋರಿಗೆ. ಮತ್ತು ಕೂದಲು ಜಗ್ಗಿದ ಮಕ್ಕಳ ತಂದೆತಾಯಿಗಳಿಗೆ.

ಊಟದ ಪಂಕ್ತಿಯೂ ಎಲ್ಲೆಡೆ ಒಂದೇ ಎನ್ನುವಂತಿಲ್ಲ. 2025ರ ಜೂನ್ ತಿಂಗಳಲ್ಲಿ ಚಾಮರಾಜನಗರ ಜಿಲ್ಲೆಯ ಒಂದು ಗ್ರಾಮದ ಸರಕಾರಿ ಶಾಲೆಯಲ್ಲಿ ದಲಿತ ಮಹಿಳೆಯೊಬ್ಬರು ಮುಖ್ಯ ಅಡುಗೆಯವರಾದ ಮೇಲೆ ಬಹುತೇಕ ಪಾಲಕರು ಮಕ್ಕಳನ್ನು ಬಿಡಿಸಿದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದಿರಿ. ಪಾಠದ ಗುಣಮಟ್ಟ ಸರಿಯಿಲ್ಲವೆಂಬ ಕಾರಣವೂ ಅಲ್ಲಿ ಕೇಳಿಬಂತು. ಗುಣಮಟ್ಟವೆಂಬುದು ಎಷ್ಟು ಅನುಕೂಲವಾದ ಶಬ್ದ! ಅದರ ಹಿಂದೆ ನಿಜವಾದ ಕಳವಳವೂ ನಿಲ್ಲಬಲ್ಲದು, ಜಾತಿಯೂ ಅಡಗಬಲ್ಲದು.

ಜೋಯಿಡಾದಲ್ಲಿ ಈ ಪ್ರಶ್ನೆಯ ಮುಖವೇ ಬೇರೆ. ಸೂಪಾದಲ್ಲಿ ಕಾಳಿ ನದಿಗೆ ಅಣೆಕಟ್ಟು ಕಟ್ಟಿದಾಗ ಹಳೆಯ ಸೂಪಾ ಪೇಟೆ ಮುಳುಗಿ, ಜೋಯಿಡಾ ತಾಲೂಕಿನ ಕೇಂದ್ರವಾಯಿತು. ವಿಸ್ತಾರದಲ್ಲಿ ಬಹು ದೊಡ್ಡದಾದ ಈ ತಾಲೂಕಿನಲ್ಲಿ 2011ರ ಜನಗಣತಿಯಂತೆ ಇದ್ದವರು ಸುಮಾರು 50 ಸಾವಿರ ಜನ. ಬಹುಭಾಗ ಹುಲಿ ಸಂರಕ್ಷಿತ ಅರಣ್ಯ. ಒಂದೊಂದು ಶಾಲೆಯಲ್ಲಿ ಎಂಟು, ಹತ್ತು ಮಕ್ಕಳು. 2018ರ ಜುಲೈ ತಿಂಗಳ ಆಯವ್ಯಯದಲ್ಲಿ ರಾಜ್ಯ ಸರಕಾರ 28,847 ಶಾಲೆಗಳನ್ನು ಒಂದು ಕಿಲೋಮೀಟರ್ ಒಳಗಿನ 8,530 ಶಾಲೆಗಳಲ್ಲಿ ವಿಲೀನಗೊಳಿಸುವ ಮಾತನ್ನಾಡಿದಾಗ ನಾಡಿನ ಲೇಖಕರು ವಿರೋಧಿಸಿದರು. ಅದಕ್ಕೂ ಮುಂಚೆ, ಆಮೇಲೆಯೂ, ಚಿಕ್ಕ ಶಾಲೆಗಳನ್ನು ಕೂಡಿಸುವ ವಿಚಾರ ಮತ್ತೆ ಮತ್ತೆ ತಲೆಯೆತ್ತಿದೆ. ಕೂಡಿಸುವುದರಿಂದ ಲಾಭವಿಲ್ಲವೆಂದಲ್ಲ. ಒಬ್ಬರೇ ಮಾಸ್ತರರು ಐದು ಇಯತ್ತೆಗಳನ್ನು ಕಾಯುವ ಶಾಲೆಗಿಂತ, ನಾಲ್ಕಾರು ವಾಡಗಳ ಕುಣಬಿ, ಗೌಳಿ, ಸಿದ್ದಿ ಮಕ್ಕಳು ಒಂದೆಡೆ ಸೇರಿ, ವಿಷಯಕ್ಕೊಬ್ಬ ಶಿಕ್ಷಕರಿರುವ ಶಾಲೆಯಲ್ಲಿ ಕಲಿಯುವುದು ಎಷ್ಟೋ ಉತ್ತಮ. ಆದರೆ ಕಾಗದದ ಮೇಲಿನ ಒಂದು ಕಿಲೋಮೀಟರ್ ಬೇರೆ. ಆಷಾಢದ ಮಳೆಯಲ್ಲಿ ಹಳ್ಳ ತುಂಬಿ ಹರಿಯುವಾಗ ಏಳು ವರ್ಷದ ಮಗು ಅಡವಿಯಲ್ಲಿ ನಡೆಯಬೇಕಾದ ಒಂದು ಕಿಲೋಮೀಟರ್ ಬೇರೆ. ಇಲ್ಲಿಯ ತಾಯಿ ದೂರವಾಯಿತೆಂದರೆ ಅದು ನೆಪವಲ್ಲ. ಒಂದರಿಂದ ಐದನೆಯ ತರಗತಿಯವರೆಗೆ ಒಂದು, ಆರರಿಂದ ಎಂಟರವರೆಗೆ ಮೂರು ಕಿಲೋಮೀಟರಿನೊಳಗೆ ಶಾಲೆಯಿರಬೇಕು, ಶಾಲೆಯಿಲ್ಲದ ಚಿಕ್ಕ ವಸತಿಗಳ ಮಕ್ಕಳಿಗೆ ಸಾರಿಗೆಯನ್ನೋ ವಸತಿಯನ್ನೋ ಒದಗಿಸಬೇಕು ಎಂದು ಶಿಕ್ಷಣ ಹಕ್ಕಿನ ನಿಯಮಗಳೇ ಹೇಳುತ್ತವೆ. ಮೊದಲು ಬೀಗ, ಆಮೇಲೆ ಬಸ್ಸು ಎಂಬ ಕ್ರಮ ತಪ್ಪು. ಬಸ್ಸು ಮೊದಲು ಬರಬೇಕು.

ಇನ್ನೊಂದು ಸಂಗತಿ. ಬೆರೆಸುವ ಯೋಜನೆ ಯಾವುದೇ ಇರಲಿ, ಸ್ಥಳ ಬಿಟ್ಟು ಹೊರಡಬೇಕಾದದ್ದು ಯಾವಾಗಲೂ ದುರ್ಬಲರ ಮಗು. ಅಡವಿಯ ಮಗು ಮನೆ ಬಿಟ್ಟು ಆಶ್ರಮ ಶಾಲೆಗೆ ಹೋಗುತ್ತದೆ. 1987ರಲ್ಲಿ ಕ್ರೀಡಾ ಪ್ರಾಧಿಕಾರದವರು ಸಿದ್ದಿ ಮಕ್ಕಳ ದೇಹಶಕ್ತಿಯನ್ನು ಮೆಚ್ಚಿ, ಅವರನ್ನು ಆರಿಸಿ ದೂರದ ವಸತಿ ಕೇಂದ್ರಗಳಲ್ಲಿಟ್ಟು ತರಬೇತಿ ಕೊಡತೊಡಗಿದರು. ಕೆಲವರು ಪದಕಗಳನ್ನು ಗೆದ್ದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತುಹೋದಾಗ ಹಲವರು ಅರ್ಧಕ್ಕೇ ಊರಿಗೆ ಮರಳಿದರು. ಮಗುವನ್ನು ಒಳ್ಳೆಯ ಶಾಲೆಯ ಬಳಿಗೆ ಒಯ್ಯುವ ಉತ್ಸಾಹ ನಮಗಿದೆ. ಒಳ್ಳೆಯ ಶಾಲೆಯನ್ನು ಮಗುವಿನ ಬಳಿಗೆ ತಂದು, ಪೇಟೆಯ ಮಗುವನ್ನೂ ಅಲ್ಲಿಗೆ ಕರೆಯುವ ಧೈರ್ಯ ಈವರೆಗೆ ಬಂದಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಮುಂಡಗೋಡದ ಟಿಬೇಟಿಯನ್ನರು ತಮ್ಮ ಮಕ್ಕಳಿಗೆ ತಮ್ಮವೇ ಶಾಲೆಗಳನ್ನು ಇಟ್ಟುಕೊಂಡರಲ್ಲ, ಅದು ಪ್ರತ್ಯೇಕತೆಯಲ್ಲವೆ? 1961ರಲ್ಲಿ ಕೇಂದ್ರ ಸರಕಾರವೇ ಅಂಥ ಶಾಲೆಗಳಿಗಾಗಿ ಒಂದು ಆಡಳಿತ ಮಂಡಲಿಯನ್ನು ಸ್ಥಾಪಿಸಿತು. ದೇಶ ಕಳೆದುಕೊಂಡ ಜನ ಭಾಷೆಯನ್ನಾದರೂ ಉಳಿಸಿಕೊಳ್ಳಲೆಂಬುದು ಅದರ ಉದ್ದೇಶ. ಹಾಗೆಯೇ 1892ರಲ್ಲಿ ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ದಲಿತ ಮಕ್ಕಳಿಗಾಗಿ ಬೇರೆ ಶಾಲೆ ತೆರೆದರು. ಮಿಕ್ಕ ಶಾಲೆಗಳ ಬಾಗಿಲು ಅವರಿಗೆ ಮುಚ್ಚಿತ್ತು. ತಾವಾಗಿ ಬೇರೆ ನಿಂತವರೂ ಹೊರಗೆ ದೂಡಲ್ಪಟ್ಟವರೂ ಒಂದೇ ಅಲ್ಲ. ಅಳತೆಗೋಲು ಇಷ್ಟೆ: ಮಗು ಬಯಸಿದರೆ ಎದುರಿನ ಶಾಲೆಯ ಬಾಗಿಲು ಅದಕ್ಕೆ ತೆರೆಯುತ್ತದೆಯೆ? ತೆರೆಯುವುದಾದರೆ ಬೇರೆ ಶಾಲೆ ಒಂದು ಆಯ್ಕೆ. ತೆರೆಯದಿದ್ದರೆ ಅದು ಬೇಲಿ.

ಪಾಲಕರ ಮಾತಿಗೂ ಇಂಥದೇ ಅಳತೆಗೋಲು ಬೇಕು. ಅವರ ಆಕ್ಷೇಪಣೆಗಳನ್ನೆಲ್ಲ ಪೂರ್ವಗ್ರಹವೆಂದು ತಳ್ಳಿಹಾಕುವವರು ಸುಧಾರಕರಾಗಬಹುದು, ಶಿಕ್ಷಕರಾಗಲಾರರು. ದೂರವಾಯಿತೆಂದವರಿಗೆ ವಾಹನ ಕೊಟ್ಟು ನೋಡೋಣ. ಪಾಠ ಸರಿಯಿಲ್ಲವೆಂದವರಿಗೆ ಒಳ್ಳೆಯ ಶಿಕ್ಷಕರನ್ನು ಕೊಟ್ಟು ನೋಡೋಣ. ಆಗ ಮಾತು ನಿಂತರೆ ಸಂಕಟ ನಿಜವಾಗಿತ್ತು. ನಮ್ಮ ಕರ್ತವ್ಯವೂ ನೆರವೇರಿತು. ವಾಹನ ಬಂದ ಮೇಲೂ, ಶಿಕ್ಷಕರು ಬಂದ ಮೇಲೂ ಹೊಸದೊಂದು ಕಾರಣ ಹುಟ್ಟಿಕೊಂಡರೆ, ಆ ಪಾಲಕರ ತಕರಾರು ಪಕ್ಕದಲ್ಲಿ ಕೂಡುವ ಮಗುವಿನ ಬಗೆಗೆ ಎಂದು ತಿಳಿಯಬೇಕು. ಅದಕ್ಕೆ ಸರಕಾರ ಬಾಗಬಾರದು. 1856ರಲ್ಲಿ ಬಾಗಿದ್ದರ ಬೆಲೆಯನ್ನು ಎಷ್ಟು ತಲೆಮಾರುಗಳು ತೆತ್ತವೆಂಬುದನ್ನು ನಾವು ಬಲ್ಲೆವು.

ಮಾಡಬೇಕಾದ ಕೆಲಸಕ್ಕೆ ಹೊಸ ಕಾನೂನು ಬೇಕಾಗಿಲ್ಲ. ಪ್ರತಿಯೊಂದು ಸರಕಾರಿ ಶಾಲೆಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಿದೆ. ಇಂಥ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಪಾಲಕರಾಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ದುರ್ಬಲ ವರ್ಗದವರಿಗೆ ತಕ್ಕ ಪ್ರಮಾಣದ ಸ್ಥಾನವಿರಬೇಕೆಂದು ಶಿಕ್ಷಣ ಹಕ್ಕು ಕಾಯದೆ ಹೇಳುತ್ತದೆ. ಆ ಸಭೆಯಲ್ಲಿ ಸಿದ್ದಿ ತಾಯಿ ಗೋಡೆಗೊರಗಿ ನಿಂತು ಹೆಬ್ಬೆಟ್ಟು ಒತ್ತಿ ಹೋದರೆ ಸಾಲದು; ಕುರ್ಚಿಯಲ್ಲಿ ಕುಳಿತು ನನ್ನ ಮಗಳ ಪಕ್ಕದಲ್ಲಿ ಯಾರು ಕೂಡುತ್ತಾರೆ ಎಂದು ಕೇಳುವಂತಾಗಬೇಕು. ಶಿಕ್ಷಕರು ವಾರಕ್ಕೊಮ್ಮೆ ಮಕ್ಕಳ ಜಾಗ ಬದಲಿಸಬಹುದು. ಇದಕ್ಕೆ ಒಂದು ಪೈಸೆಯೂ ಬೇಡ. ನಾನು ಕಂಡ ಒಂದು ಚಿಕ್ಕ ಶಾಲೆಯಲ್ಲಿ ಹೀಗೆ ಮಾಡುತ್ತಿದ್ದರು. ಮೊದಲ ತಿಂಗಳು ಇಬ್ಬರು ಪಾಲಕರು ತಕರಾರು ತಂದರಂತೆ. 'ನೀವೂ ಒಂದು ದಿನ ಬಂದು ಕೂಡ್ರಿ' ಎಂದರಂತೆ ಅಕ್ಕೋರು. ಬಂದವರು ಮಕ್ಕಳು ಒಂದೇ ಪಾಟಿಯ ಮೇಲೆ ಲೆಕ್ಕ ಮಾಡುವುದನ್ನು ನೋಡಿ ಸುಮ್ಮನೆ ಹೋದರಂತೆ.

ಶ್ರೋತೃಗಳೆ, ಮಕ್ಕಳು ತಾವಾಗಿ ಎಲ್ಲೆಗಳನ್ನು ಹಾಕಿಕೊಳ್ಳುವುದಿಲ್ಲ. ಯಾರ ಕೂದಲು ಹೇಗಿದೆ ಎಂಬುದನ್ನು ಅವರು ಕಾಣುತ್ತಾರೆ. ಅದಕ್ಕೆ ಏನು ಅರ್ಥವೆಂಬುದನ್ನು ಮನೆಯಲ್ಲಿ ಕಲಿತು ಬರುತ್ತಾರೆ. ಸರಕಾರ ನಕಾಶೆಯ ಮೇಲಿನ ಗೆರೆಯನ್ನು ತಿದ್ದಬಲ್ಲದು, ಬಸ್ಸು ಕಳಿಸಬಲ್ಲದು, ಶಿಕ್ಷಕರನ್ನು ನೇಮಿಸಬಲ್ಲದು. ಅಷ್ಟನ್ನು ಅದು ಎಲ್ಲರಿಗೂ ಸಮನಾಗಿ ಮಾಡಲಿ ಎಂದು ಒತ್ತಾಯಿಸುವುದು ನಮ್ಮ ಹಕ್ಕು. ಸಾಯಂಕಾಲ ಮನೆಗೆ ಬಂದ ಮಗುವನ್ನು, ಇಂದು ಯಾರ ಪಕ್ಕದಲ್ಲಿ ಕುಳಿತಿದ್ದೆ ಎಂದು ಕೇಳಿ, ಅದು ಹೇಳಿದ ಹೆಸರನ್ನು ಕೇಳಿಯೂ ಹುಬ್ಬು ಗಂಟಿಕ್ಕದಿರುವುದು ಮಾತ್ರ ನಮ್ಮ ಕೈಯಲ್ಲಿದೆ. ಆ ಕೆಲಸವನ್ನು ಯಾವ ಇಲಾಖೆಯೂ ನಮಗಾಗಿ ಮಾಡಲಾರದು.



(ಬಾನುಲಿ ಭಾಷಣ)